ಬ್ಯೂರೆಟ್ಟಿನ ಕೊನೆಯ ತೊಟ್ಟು

ರಸಾಯನಶಾಸ್ತ್ರದ ಪ್ರಯೋಗಶಾಲೆ ಎಂದೊಡನೆ ಹಿಂದಿನ ತಲೆಮಾರಿನ ಪದವೀಧರರು ಮೂಗು ಮುಚ್ಚಿಕೊಳ್ಳುತ್ತಾರೆ. ಕಿಪ್ ಉಪಕರಣದಿಂದ ಹೊರಟ ಹೈಡ್ರೊಜನ್ ಸಲ್ಫೈಡಿನ ಕೊಳೆತ ಮೊಟ್ಟೆಯ ನಾತವು ಅವರ ಬಟ್ಟೆಯೊಡನೆ ಮನೆಯವರೆಗೂ ಬರುತ್ತಿದ್ದಿತಂತೆ! ಇಂದು ಕೆಂಗೇರಿ ಉಪನಗರದಿಂದ ನಗರದ ಕಾಲೇಜುಗಳಿಗೆ ಹೋಗಿಬರುವ ಬಿ.ಎಸ್‌ಸಿ. ವಿದ್ಯಾರ್ಥಿಗಳನ್ನು ಮಾತನಾಡಿಸಿದರೆ ನಾತದ ದೂರು ಅಷ್ಟಾಗಿ ಕೇಳಿಬರುವುದಿಲ್ಲ. 2021ರ ಆಗಸ್ಟಿನಲ್ಲಿ ಮೆಟ್ರೋ ರೈಲು ಕೆಂಗೇರಿಯನ್ನು ಮುಟ್ಟಿದ ಮೇಲೆ, ತಡವಾಯಿತೆಂಬ ನೆಪವೂ ಅವರಿಗೆ ಉಳಿದಿಲ್ಲ. ಅವರ ಸಂಕಟವೆಲ್ಲ ಒಂದು ತೊಟ್ಟು ಪರ್ಮಾಂಗನೇಟಿನದು.

ಬ್ಯೂರೆಟ್ಟೆಂಬುದು ಗೆರೆ ಕೊರೆದ ನೀಳವಾದ ಗಾಜಿನ ಕೊಳವೆ. ಅದರ ಕೆಳಗಿನ ಕುಪ್ಪಿಯಲ್ಲಿ ಆಕ್ಸಾಲಿಕ್ ಆಮ್ಲ, ಜೊತೆಗೆ ಸ್ವಲ್ಪ ಗಂಧಕಾಮ್ಲ. ಸುಮಾರು 60 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿ ಮಾಡಿ, ಮೇಲಿನಿಂದ ನೇರಳೆಯ ಪರ್ಮಾಂಗನೇಟನ್ನು ಬಿಡಬೇಕು. ಮೊದಲ ತೊಟ್ಟುಗಳ ಬಣ್ಣ ಮೆಲ್ಲಗೆ ಅಳಿಯುತ್ತದೆ. ಆಮೇಲೆ, ಕ್ರಿಯೆಯಲ್ಲಿ ಹುಟ್ಟಿದ ಮ್ಯಾಂಗನೀಸಿನ ಲವಣವೇ ಕ್ರಿಯೆಯನ್ನು ಚುರುಕುಗೊಳಿಸುವುದರಿಂದ, ಬಿದ್ದ ಬಣ್ಣ ಬಿದ್ದಂತೆಯೇ ಮಾಯವಾಗುತ್ತದೆ. ಕೊನೆಗೊಂದು ತೊಟ್ಟು ಬಿದ್ದಾಗ ಕುಪ್ಪಿಯೆಲ್ಲ ನಸುಗೆಂಪಾಗಿ ಹಾಗೆಯೇ ನಿಲ್ಲುವುದು. ಅಲ್ಲಿಗೆ ಕೈ ತಡೆಯಬೇಕು. ತೊಟ್ಟೆಂದರೆ ಒಂದು ಮಿಲಿಲೀಟರಿನ ಇಪ್ಪತ್ತನೆಯ ಒಂದು ಭಾಗ. ಕಣ್ಣು ಮಿಟುಕಿಸುವಷ್ಟರಲ್ಲಿ ನಾಲ್ಕು ತೊಟ್ಟು ಜಾರಿರುತ್ತವೆ.

ಇದನ್ನು ಮೂರು ಬಾರಿ ಮಾಡಿ, ಮೂರೂ ಅಂಕಿಗಳು ಹೊಂದಬೇಕು. ಬಂದದ್ದು 24.6, 24.3, 24.8 ಎಂದಿಟ್ಟುಕೊಳ್ಳಿ. ಗಂಟೆಯಾಗುತ್ತ ಬಂದಿದೆ. ಪಕ್ಕದ ಮೇಜಿನ ಗೆಳತಿಯ ಪುಸ್ತಕದಲ್ಲಿ ಮೂರು ಸಲವೂ 24.5 ಎಂದು ಮುದ್ದಾಗಿ ಬರೆದಿದೆ. ಬಂದುದನ್ನು ಬರೆದರೆ ಅಂಕ ಹೋಗುತ್ತದೆ, ಬಾರದುದನ್ನು ಬರೆದರೆ ಅಂಕ ಬರುತ್ತದೆ. ಇದು ಅನೇಕ ವಿದ್ಯಾರ್ಥಿಗಳು ಹೇಳುವ ಅನುಭವ. ಹದಿನೆಂಟು ವರ್ಷದ ಹುಡುಗಿಯನ್ನು ಇಂಥ ಕವಲಿನಲ್ಲಿ ನಿಲ್ಲಿಸಿದವರು ಹಿರಿಯರಾದ ನಾವೇ ಎಂಬುದನ್ನು ತಾಯಿತಂದೆಗಳು ಗಮನಿಸಬೇಕು.

ಹೊಂದದ ಅಂಕಿಯ ಬೆಲೆಯೇನೆಂಬುದಕ್ಕೆ ಇಂಗ್ಲೆಂಡಿನ ಲಾರ್ಡ್ ರೇಲಿಯ ಕಥೆಯುಂಟು. 1892ರ ಸುಮಾರಿಗೆ ಆತನು ಸಾರಜನಕವನ್ನು ತೂಗುತ್ತಿದ್ದನು. ಒಂದೇ ಗಾಜಿನ ಬುರುಡೆಯಲ್ಲಿ, ಗಾಳಿಯಿಂದ ಪಡೆದ ಸಾರಜನಕ 2.310 ಗ್ರಾಂ ತೂಗಿದರೆ ರಾಸಾಯನಿಕಗಳಿಂದ ಪಡೆದದ್ದು 2.299 ಗ್ರಾಂ ತೂಗಿತು. ವ್ಯತ್ಯಾಸ ಹನ್ನೊಂದು ಮಿಲಿಗ್ರಾಂ! ನಮ್ಮ ಹುಡುಗರಾಗಿದ್ದರೆ ಎರಡನ್ನೂ ಸರಾಸರಿಗೆ ತಂದು ಗಂಟುಮೂಟೆ ಕಟ್ಟುತ್ತಿದ್ದರು. ಆತನು ಆ ವ್ಯತ್ಯಾಸವನ್ನೇ ಪತ್ರಿಕೆಯಲ್ಲಿ ಪ್ರಕಟಿಸಿ, ಕಾರಣ ತಿಳಿದವರು ಹೇಳಿರೆಂದು ಕೇಳಿದನು. 1894ರಲ್ಲಿ ಆತನೂ ವಿಲಿಯಂ ರ‍್ಯಾಮ್ಸೆಯೂ ಕೂಡಿ, ಗಾಳಿಯಲ್ಲಿ ಅಡಗಿದ್ದ ಆರ್ಗಾನ್ ಎಂಬ ಹೊಸ ಅನಿಲವೇ ಆ ಹೆಚ್ಚಿನ ತೂಕಕ್ಕೆ ಕಾರಣವೆಂದು ಸಾರಿದರು. 1904ರಲ್ಲಿ ಇಬ್ಬರಿಗೂ ನೊಬೆಲ್ ಬಂದಿತು.

ಈ ಕಥೆಯ ಬಾಲ ನಮ್ಮ ಊರಿನಲ್ಲಿದೆ. 1898ರಲ್ಲಿ ರ‍್ಯಾಮ್ಸೆಯೊಡನೆ ಕ್ರಿಪ್ಟಾನ್, ನಿಯಾನ್, ಕ್ಸೆನಾನ್‌ಗಳನ್ನು ಹುಡುಕಿದ ತರುಣ ಮಾರಿಸ್ ಟ್ರಾವರ್ಸನೇ, ಬೆಂಗಳೂರಿಗರು ಟಾಟಾ ಇನ್‌ಸ್ಟಿಟ್ಯೂಟೆಂದು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ನಿರ್ದೇಶಕನಾಗಿ ಬಂದವನು.

ಹಾಗಾದರೆ ಉಪಾಯವೇನು? ಕೆಲವು ಅಧ್ಯಾಪಕರು ಒಬ್ಬೊಬ್ಬರಿಗೆ ಒಂದೊಂದು ಬಲದ ದ್ರಾವಣ ಕೊಡುತ್ತಾರೆ. ಆಗ ನೆರೆಯವಳ 24.5 ಯಾರಿಗೂ ಉಪಯೋಗಕ್ಕೆ ಬಾರದು. ಹೊಂದದ ಅಂಕಿಗೆ ಕಾರಣ ಊಹಿಸಿ ಬರೆದವರಿಗೆ ಒಂದೆರಡು ಅಂಕ ಕೊಡುವವರೂ ಇದ್ದಾರೆ. ನನಗೆ ಇದು ಇನ್ನೂ ಮೆಚ್ಚು. ಆದರೆ ಮೊದಲನೆಯದಕ್ಕೆ ಪ್ರಯೋಗಶಾಲೆಯ ಸಹಾಯಕನು ಮುಂಜಾನೆ ಬೇಗನೆ ಬಂದು, ಮೂವತ್ತು ಬಾಟಲಿಗಳಿಗೆ ಮೂವತ್ತು ಬಗೆಯ ದ್ರಾವಣ ತುಂಬಿ, ಚೀಟಿ ಅಂಟಿಸಬೇಕು.