ಗಿಡ್ಡ ರ್‍ಯಾಮ್, ಅದರ ನಿಜವಾದ ವೇಗ

ಡೆಸ್ಕ್‌ಟಾಪ್ ಕಂಪ್ಯೂಟರಿನ ಡಿಡಿಆರ್4 ರ್‍ಯಾಮ್ ಪಟ್ಟಿಯ ಎತ್ತರ ಸಾಮಾನ್ಯವಾಗಿ 31.25 ಮಿ.ಮೀ. ಅದಕ್ಕೆ ಅಲ್ಯೂಮಿನಿಯಂ ಕವಚ, ಬಣ್ಣದ ದೀಪ ಸೇರಿದರೆ 40 ದಾಟಿ, ಕೆಲವುಗಳಲ್ಲಿ 50ರ ಆಸುಪಾಸಿಗೂ ಹೋಗುತ್ತದೆ. ‘ಲೋ ಪ್ರೊಫೈಲ್’ ಹೆಸರಿನಲ್ಲಿ ಮಾರಾಟವಾಗುವ, ಕೋರ್ಸೇರ್ ವೆಂಜನ್ಸ್ ಎಲ್‌ಪಿಎಕ್ಸ್‌ನಂಥ ಪಟ್ಟಿಗಳು ಕವಚ ಸಮೇತ 31ರಿಂದ 34 ಮಿ.ಮೀ.ಗೆ ನಿಲ್ಲುತ್ತವೆ.

ಈ ಗಿಡ್ಡತನಕ್ಕೂ ವೇಗಕ್ಕೂ ಸಂಬಂಧವಿಲ್ಲ; ಅದು ಜಾಗದ ಮಾತು. ಸ್ಲಾಟುಗಳು ಪ್ರೊಸೆಸರಿನ ಮಗ್ಗುಲಲ್ಲೇ ಇರುವುದರಿಂದ ದೊಡ್ಡ ಕೂಲರ್ ಅವುಗಳ ಮೇಲೆ ಚಾಚಿಕೊಳ್ಳುತ್ತದೆ. ನೊಕ್ಟುವಾ ಎನ್‌ಎಚ್-ಡಿ15ಕ್ಕೆ ಎರಡೂ ಫ್ಯಾನ್ ಹಾಕಿದರೆ ಕೆಳಗೆ ಉಳಿಯುವುದು 32 ಮಿ.ಮೀ. ಮಾತ್ರ. ಡಿಟಿಪಿ ಅಂಗಡಿಗೋ ಫೋಟೋ ಸ್ಟುಡಿಯೋಗೋ ಪ್ರೊಸೆಸರಿನ ಜೊತೆ ಬಂದ ಕೂಲರೇ ಸಾಕಾಗುವಲ್ಲಿ ಎತ್ತರದ ಚಿಂತೆ ಬೇಕಿಲ್ಲ. ಡಿಡಿಆರ್4 ಓಡುವುದೇ 1.2 ವೋಲ್ಟಿನಲ್ಲಿ, ವೇಗ ಏರಿಸಿದರೆ ಹೆಚ್ಚಾಗಿ 1.35ರಲ್ಲಿ, ಅಷ್ಟರ ಬಿಸಿಗೆ ಕವಚ ಬಹುಪಾಲು ಅಲಂಕಾರವೇ.

ವೇಗವನ್ನು ಡಬ್ಬಿಯ ಮೇಲಿನ ದೊಡ್ಡ ಅಂಕಿಯೊಂದರಿಂದಲೇ ಅಳೆದರೆ ಲೆಕ್ಕ ತಪ್ಪುತ್ತದೆ. ಪಕ್ಕದಲ್ಲಿರುವ ಸಿಎಲ್ ಅಂಕಿಯನ್ನು 2000ದಿಂದ ಗುಣಿಸಿ, ವೇಗದ ಅಂಕಿಯಿಂದ ಭಾಗಿಸಿದರೆ ಕಾಯುವ ಹೊತ್ತು ನ್ಯಾನೋಸೆಕೆಂಡಿನಲ್ಲಿ ಸಿಗುತ್ತದೆ. 3200 ಸಿಎಲ್22 ಪಟ್ಟಿಗೆ 13.75, 3200 ಸಿಎಲ್16ಕ್ಕೆ 10. 3600 ಸಿಎಲ್18ಕ್ಕೂ ಬರುವುದು ಅದೇ 10. ಅದರಲ್ಲಿ ಹೆಚ್ಚುವುದು ಸೆಕೆಂಡಿಗೆ ಸಾಗುವ ದತ್ತಾಂಶದ ಪ್ರಮಾಣವಷ್ಟೇ.

ಆ ವೇಗ ದಕ್ಕುವುದೂ ಬೋರ್ಡು ಒಪ್ಪಿದರೆ ಮಾತ್ರ. ಎಚ್410 ಬೋರ್ಡಿನಲ್ಲಿ ಇಂಟೆಲ್ ಐ5-10400 ಇದ್ದರೆ 3600ರ ಪಟ್ಟಿಯೂ 2666ಕ್ಕೇ ಓಡುತ್ತದೆ. ಮಿಕ್ಕ ದುಡ್ಡು ದಂಡ. ಒಪ್ಪುವ ಬೋರ್ಡಿನಲ್ಲೂ ಬಯಾಸ್‌ಗೆ ಹೋಗಿ, ಡಬ್ಬಿಯ ಮೇಲಿನ ವೇಗಕ್ಕೆ ಓಡಿಸುವ ಎಕ್ಸ್‌ಎಂಪಿ ಆನ್ ಮಾಡದಿದ್ದರೆ ಇಂಥ ಪಟ್ಟಿಗಳು ಸಾಮಾನ್ಯವಾಗಿ 2133ಕ್ಕೋ 2400ಕ್ಕೋ ನಿಂತುಬಿಡುತ್ತವೆ. ವಿಂಡೋಸ್ ಟಾಸ್ಕ್ ಮ್ಯಾನೇಜರಿನ ಮೆಮೊರಿ ಪುಟದಲ್ಲಿ ನಿಜ ವೇಗ ಕಾಣುತ್ತದೆ.

16 ಜಿಬಿಯ ಒಂದೇ ಪಟ್ಟಿಗಿಂತ 8 ಜಿಬಿಯ ಜೋಡಿ ಮೇಲು. 3200ರಲ್ಲಿ ಒಂಟಿ ಪಟ್ಟಿ ಸೆಕೆಂಡಿಗೆ ಹೆಚ್ಚೆಂದರೆ 25.6 ಜಿಬಿ ಸಾಗಿಸುತ್ತದೆ, ಜೋಡಿ 51.2. ನಾಲ್ಕು ಸ್ಲಾಟಿನ ಬೋರ್ಡಾದರೆ ಸಾಮಾನ್ಯವಾಗಿ ಪ್ರೊಸೆಸರಿನ ಕಡೆಯಿಂದ ಎರಡನೆಯದು, ನಾಲ್ಕನೆಯದಕ್ಕೆ ಹಾಕಬೇಕು. ಆದರೆ ಮದುವೆ ಆಲ್ಬಂ ಮಾಡುವವರಿಗೆ ಇವೆಲ್ಲಕ್ಕಿಂತ ದೊಡ್ಡದು ಒಟ್ಟು ಜಿಬಿ. ಫೋಟೋಶಾಪ್‌ನಲ್ಲಿ ಹತ್ತಾರು ಲೇಯರಿನ ಪುಟ ತೆರೆದು ರ್‍ಯಾಮ್ ತುಂಬಿತೆಂದರೆ ಕೆಲಸ ಡಿಸ್ಕಿಗೆ ಜಾರುತ್ತದೆ. ಆಗ ಸಿಎಲ್ 16 ಇದ್ದರೇನು, 22 ಇದ್ದರೇನು?

ಹೊಸ ಪಟ್ಟಿ ಹಾಕಿದ ರಾತ್ರಿಯೇ ಪೆನ್‌ಡ್ರೈವ್‌ನಿಂದ ಮೆಮ್‌ಟೆಸ್ಟ್86 ಓಡಿಸುವುದು ಒಳ್ಳೆಯದು. ಒಂದೇ ಒಂದು ದೋಷ ತೋರಿಸಿದರೂ ಎಕ್ಸ್‌ಎಂಪಿ ಆಫ್ ಮಾಡಿ ಮತ್ತೆ ಓಡಿಸಬೇಕು. ದೋಷ ಮಾಯವಾದರೆ ಬೋರ್ಡೋ ಪ್ರೊಸೆಸರೋ ಆ ವೇಗ ತಾಳದಿರಬಹುದು. ಒಂದು ಮೆಟ್ಟಿಲು ಇಳಿಸಿ ನೋಡಬಹುದು. ಮಾಯವಾಗದಿದ್ದರೆ ಒಂದೊಂದೇ ಪಟ್ಟಿ ಹಾಕಿ ಕೆಟ್ಟದ್ದನ್ನು ಪತ್ತೆಮಾಡಿ, ಬಿಲ್ಲಿನೊಂದಿಗೆ ವಾರಂಟಿಗೆ ಕೊಡಬೇಕು.