ಬಾಯಿ ಬಿಡದ ತಮ್ಮನಿಗೆ ಹಲ್ಲು ತಿಕ್ಕುವುದು ಹೇಗೆ?

"ಸಾರ್, ಹೆಂಗೂ ಬಿದ್ದುಹೋಗೋ ಹಲ್ಲು. ತಮ್ಮ ಅಷ್ಟು ಅಳ್ತಾನಂದ್ರೆ ಬಿಟ್ಟುಬಿಟ್ರೆ ಏನಾಗುತ್ತೆ?"

ಆಮ್ಲ, ಪ್ರತ್ಯಾಮ್ಲದ ಪಾಠ ನಡೆಯುವಾಗ ಹಿಂದಿನ ಬೆಂಚಿನಿಂದ ಬಂದ ಪ್ರಶ್ನೆ ಇದು. ಕೇಳಿದವಳ ತಮ್ಮನಿಗೆ ಎರಡೂವರೆ ವರ್ಷ. ಅಮ್ಮ ಬೆಳಿಗ್ಗೆ ಬೇಗ ಬಟ್ಟೆ ಹೊಲಿಯುವ ಕೆಲಸಕ್ಕೆ ಹೋಗುತ್ತಾರೆ. ತಮ್ಮನ ಮುಖ ತೊಳೆಸಿ ಹಲ್ಲು ತಿಕ್ಕುವುದು ಅಕ್ಕನ ಪಾಲಿಗೆ ಬಂದಿದೆ. ನಮ್ಮ ರಾಯದುರ್ಗದ ಕಡೆ ಇಂಥ ಅಕ್ಕಂದಿರು, ಅಣ್ಣಂದಿರು ಮನೆಮನೆಯಲ್ಲೂ ಇದ್ದಾರೆ. ಅದಕ್ಕೇ ಈ ಸಲ ಬರೆಯುತ್ತಿರೋದು ಅಪ್ಪ ಅಮ್ಮಂದಿರಿಗಲ್ಲ, ನಿಮಗೆ.

ಬಿದ್ದುಹೋಗೋ ಹಲ್ಲು ಅನ್ನೋದು ನಿಜ. ಆದರೆ ಯಾವಾಗ ಬೀಳುತ್ತೆ? ಆರು ತಿಂಗಳ ಸುಮಾರಿಗೆ ಮೊದಲ ಹಾಲುಹಲ್ಲು ಬರುತ್ತದೆ, ಮೂರು ವರ್ಷದ ಹೊತ್ತಿಗೆ 20 ಹಲ್ಲೂ ಬಂದಿರುತ್ತವೆ. ಮುಂದಿನವು ಆರು, ಏಳನೇ ವರ್ಷಕ್ಕೆ ಬೀಳುತ್ತವೆ. ಹಿಂದಿನ ದವಡೆ ಹಲ್ಲುಗಳು ಬೀಳುವುದು ಹತ್ತರಿಂದ ಹನ್ನೆರಡನೇ ವರ್ಷದಲ್ಲಿ. ಅಂದರೆ ಇದನ್ನು ಓದುತ್ತಿರುವ ಆರನೇ ತರಗತಿಯವರ ಬಾಯಲ್ಲಿ ಈಗಲೂ ಒಂದೆರಡು ಹಾಲುಹಲ್ಲು ಇರಬಹುದು. ತಮ್ಮನ ದವಡೆ ಹಲ್ಲು ಇನ್ನೂ ಏಳೆಂಟು ವರ್ಷ ರೊಟ್ಟಿ ಅಗಿಯಬೇಕು. ಅದೂ ಅಲ್ಲದೆ ಹಾಲುಹಲ್ಲು ತನ್ನ ಕೆಳಗೆ ಬೆಳೆಯುತ್ತಿರುವ ಶಾಶ್ವತ ಹಲ್ಲಿಗೆ ಜಾಗ ಹಿಡಿದಿಟ್ಟಿರುತ್ತದೆ. ಬಸ್ಸಿನ ಸೀಟಿನ ಮೇಲೆ ಟವೆಲ್ ಹಾಕಿದ ಹಾಗೆ. ಹುಳುಕಾಗಿ ಬೇಗ ಕೀಳಿಸಿಬಿಟ್ಟರೆ ಅಕ್ಕಪಕ್ಕದ ಹಲ್ಲುಗಳು ಆ ಜಾಗಕ್ಕೆ ವಾಲುತ್ತವೆ. ಹೊಸ ಹಲ್ಲು ಸೊಟ್ಟಗೆ ಬರಬಹುದು.

ಹುಳುಕು ಅನ್ನೋ ಮಾತಿನಲ್ಲೇ ಹುಳ ಇದೆ. "ಹಲ್ಲಿಗೆ ಹುಳ ಬಿದ್ದಿದೆ" ಅಂತ ಅಜ್ಜಿ ಹೇಳುತ್ತಾರೆ. ಹುಳ ಇರೋದಿಲ್ಲ, ಇರೋದು ಬ್ಯಾಕ್ಟೀರಿಯಾ. ಹಲ್ಲಿನ ಮೇಲೆ ಕಟ್ಟುವ ಪಾಚಿಯಲ್ಲಿ ಇವು ಮನೆ ಮಾಡಿಕೊಂಡು, ನಾವು ತಿಂದ ಸಕ್ಕರೆಯನ್ನು ತಿಂದು ಆಮ್ಲ ಬಿಡುತ್ತವೆ. ಬಾಯಿಯ ಪಿಎಚ್ 5.5ಕ್ಕಿಂತ ಕೆಳಗಿಳಿದರೆ ಹಲ್ಲು ಸವೆಯಲು ಶುರುವಾಗುತ್ತದೆ ಎಂದು ಪಾಠದಲ್ಲಿ ಓದಿದ್ದೀರಿ. ಸಿಹಿ ತಿಂದ ಕೆಲವೇ ನಿಮಿಷಗಳಲ್ಲಿ ಪಿಎಚ್ ಹಾಗೆ ಇಳಿಯುತ್ತದೆ. ಅದನ್ನು ಮತ್ತೆ ಮೇಲಕ್ಕೆ ತರುವುದು ಲಾಲಾರಸ, ಅಂದರೆ ನಮ್ಮ ಜೊಲ್ಲು. ಅದಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಹತ್ತು ಬಿಸ್ಕತ್ತನ್ನು ಒಂದೇ ಸಲ ತಿನ್ನುವುದಕ್ಕಿಂತ ಗಂಟೆಗೊಂದರಂತೆ ಹತ್ತು ಸಲ ತಿನ್ನುವುದು ಹಲ್ಲಿಗೆ ಯಾಕೆ ಕೆಟ್ಟದ್ದು, ಈಗ ನೀವೇ ಹೇಳಿ.

ಮೊಟ್ಟೆ ಚಿಪ್ಪಿನ ಚೂರೊಂದನ್ನು ನಿಂಬೆರಸದಲ್ಲಿ ಹಾಕಿಡಿ. ಗುಳ್ಳೆ ಏಳುತ್ತದೆ, ಮರುದಿನಕ್ಕೆ ಚಿಪ್ಪು ಮೆತ್ತಗಾಗಿರುತ್ತದೆ. (ಚಿಪ್ಪು ಕ್ಯಾಲ್ಸಿಯಂ ಕಾರ್ಬೋನೇಟು. ಹಲ್ಲಿನ ಎನಾಮಲ್ ಕ್ಯಾಲ್ಸಿಯಂ ಫಾಸ್ಫೇಟಿನ ಜಾತಿ. ಬಾಯಲ್ಲಿ ಗುಳ್ಳೆ ಏಳೋದಿಲ್ಲ, ಆದರೆ ಆಮ್ಲದ ಮುಂದೆ ಎರಡೂ ಕರಗುವವೇ.) ಹಾಲುಹಲ್ಲಿನ ಎನಾಮಲ್ ನಮ್ಮ ಹಲ್ಲಿನದಕ್ಕಿಂತ ತೆಳು. ಹಾಗಾಗಿ ಚಿಕ್ಕವರ ಹಲ್ಲು ಹುಳುಕಾಗಲು ಶುರುವಾದರೆ ಬೇಗ ಒಳಗಿಳಿಯುತ್ತದೆ.

ನಮ್ಮಲ್ಲಿ ಹಲ್ಲು ತಿಕ್ಕುವುದು ಅಂದರೆ ಬೆಳಗಿನ ಕೆಲಸ. ಆದರೆ ನಿದ್ದೆಯಲ್ಲಿ ಜೊಲ್ಲು ಬಹಳ ಕಡಿಮೆಯಾಗುತ್ತದೆ. ಆಮ್ಲವನ್ನು ತೊಳೆಯುವವರೇ ರಜೆ ಹಾಕಿದಂತೆ. ಹಾಲಿನ ಬಾಟಲಿ ಬಾಯಲ್ಲಿಟ್ಟುಕೊಂಡೇ ಮಲಗುವ ಮಗುವಿನ ಮೇಲಿನ ಮುಂಭಾಗದ ಹಲ್ಲುಗಳು ಮೊದಲು ಕೆಡೋದು ಇದಕ್ಕೇ. ಹಾಲಿನಲ್ಲೂ ಸಕ್ಕರೆ ಇದೆ. ಕೆಳಗಿನ ಮುಂದಿನ ಹಲ್ಲುಗಳಿಗೆ ನಾಲಿಗೆ ಅಡ್ಡ ಇರುತ್ತದೆ, ಜೊಲ್ಲೂ ಅಲ್ಲೇ ನಿಲ್ಲುತ್ತದೆ. ಆದ್ದರಿಂದ ಅವು ಬಚಾವಾಗುತ್ತವೆ. ದಿನಕ್ಕೆ ಎರಡು ಸಲ ತಿಕ್ಕಬೇಕು. ತಮ್ಮನ ಜೊತೆ ಒಂದೇ ಸಲ ಗುದ್ದಾಡುವಷ್ಟು ಶಕ್ತಿ ಇದ್ದರೆ, ಅದನ್ನು ರಾತ್ರಿಗೆ ಇಟ್ಟುಕೊಳ್ಳಿ ಅನ್ನೋದು ನನ್ನ ಮಾತು.

ಇನ್ನು ಅವನು ಬಾಯಿ ಯಾಕೆ ಬಿಡೋದಿಲ್ಲ? ಹಟಮಾರಿ ಅಂತ ಹೇಳಿ ಮುಗಿಸಬೇಡಿ. ಎರಡನೇ ದವಡೆ ಹಲ್ಲುಗಳು ಬರುವುದು ಎರಡರಿಂದ ಎರಡೂವರೆ ವರ್ಷದ ಆಸುಪಾಸಿನಲ್ಲಿ. ಆಗ ವಸಡು ನೋಯುತ್ತಿರುತ್ತದೆ. ನೋಯುವ ಜಾಗಕ್ಕೆ ಬ್ರಶ್ ತಗಲಿದರೆ ನೀವಾದರೂ ತಲೆ ತಿರುಗಿಸುತ್ತೀರಿ. ಪೇಸ್ಟಿನ ಪುದೀನ ರುಚಿಯದೂ ಒಂದು ಕಥೆ. ಅದರಲ್ಲಿರುವ ಮೆಂಥಾಲ್ ತಂಪನ್ನು ಗುರುತಿಸುವ ನರಗಳನ್ನು ಕೆಣಕುತ್ತದೆ. ದೊಡ್ಡವರಿಗೆ ಅದು ತಾಜಾ ಅನ್ನಿಸಿದರೆ, ಮಗು "ಖಾರ, ಖಾರ" ಅಂತ ಅಳುತ್ತದೆ. ಸುಳ್ಳು ಹೇಳುತ್ತಿಲ್ಲ ಅದು. ಬ್ರಶ್ ನಾಲಿಗೆಯ ಹಿಂಭಾಗಕ್ಕೆ ತಾಗಿದರೆ ಓಕರಿಕೆ ಬರುತ್ತದೆ, ಗಂಟಲಿಗೆ ಏನೂ ಜಾರದಂತೆ ದೇಹ ಮಾಡಿಕೊಂಡ ಕಾವಲು ಅದು. ಇವೆಲ್ಲದರ ಮೇಲೆ, ಆ ವಯಸ್ಸಿಗೆ "ನಾನೇ ಮಾಡ್ತೀನಿ" ಅನ್ನೋ ಹುಚ್ಚು.

ಆ ಹುಚ್ಚನ್ನೇ ಉಪಯೋಗಿಸಿಕೊಳ್ಳಿ. "ಹಲ್ಲು ತಿಕ್ಕೋಣ್ವಾ?" ಅಂತ ಕೇಳಿದರೆ "ಬ್ಯಾಡ" ಅನ್ನೋ ಉತ್ತರ ಸಿದ್ಧವಾಗಿರುತ್ತದೆ. "ಕೆಂಪು ಬ್ರಶ್ಶಾ, ಹಸಿರು ಬ್ರಶ್ಶಾ?" ಅಂತ ಕೇಳಿ. ಎರಡು ಬ್ರಶ್ ಇರಲಿ, ಒಂದು ಅವನ ಕೈಗೆ, ಇನ್ನೊಂದು ನಿಮ್ಮ ಕೈಗೆ. ಮೊದಲು ಅವನು ನಿಮ್ಮ ಮುಂದೆ ಕೂತು ತನಗೆ ತಿಳಿದಂತೆ ಆಡಿಸಲಿ, ಬೊಂಬೆಗೂ ತಿಕ್ಕಲಿ. ಆಮೇಲೆ ನಿಮ್ಮ ಸರದಿ. ನೀವೂ ಅವನ ಎದುರಿಗೇ ಹಲ್ಲು ತಿಕ್ಕಿಕೊಳ್ಳಿ, ಚಿಕ್ಕವರು ಹೇಳಿದ್ದಕ್ಕಿಂತ ನೋಡಿದ್ದನ್ನು ಬೇಗ ಕಲಿಯುತ್ತಾರೆ. ಬಾಯಲ್ಲಿ ಬ್ರಶ್ ಇಟ್ಟುಕೊಂಡು ಓಡಾಡಲು ಮಾತ್ರ ಬಿಡಬೇಡಿ. ಬಿದ್ದರೆ ಅಂಗುಳಕ್ಕೆ ಚುಚ್ಚುತ್ತದೆ.

ನಿಲ್ಲಿಸಿಕೊಂಡು ಎದುರಿನಿಂದ ತಿಕ್ಕುವುದು ಕಷ್ಟ. ಕೂಸಿಗೆ ನೀರು ಎರೆಯುವಾಗ ಅಜ್ಜಿ ಕಾಲು ಚಾಚಿ ಮಲಗಿಸಿಕೊಳ್ಳುವುದನ್ನು ನೋಡಿದ್ದೀರಲ್ಲ? ಹಾಗೇ ನೆಲದ ಮೇಲೆ ಕೂತು, ಅವನ ತಲೆ ನಿಮ್ಮ ತೊಡೆಯ ಮೇಲೆ ಬರುವಂತೆ ಅಂಗಾತ ಮಲಗಿಸಿಕೊಳ್ಳಿ. ಮೇಲಿನಿಂದ ನೋಡಿದರೆ ಬಾಯಿ ಪೂರ್ತಿ ಕಾಣುತ್ತದೆ, ತಲೆಯೂ ಅಲ್ಲಾಡೋದಿಲ್ಲ. ಬೆರಳಿನಿಂದ ಕೆನ್ನೆಯನ್ನು ಸ್ವಲ್ಪ ಹೊರಗೆ ಸರಿಸಿ, ಮೆತ್ತನೆ ಎಳೆಯ ಚಿಕ್ಕ ಬ್ರಶ್ಶಿನಿಂದ ವಸಡಿನ ಅಂಚಿನಲ್ಲಿ ಸಣ್ಣ ಸುತ್ತು ಹಾಕಿ. ಹಿಂದಿನ ಹಲ್ಲಿಗೆ ಕೊನೆಯಲ್ಲಿ ಹೋಗಿ.

ಎಣಿಕೆ ಚೆನ್ನಾಗಿ ಕೆಲಸ ಮಾಡುತ್ತದೆ. ಎಲ್ಲ ಹಾಲುಹಲ್ಲೂ ಬಂದ ಮಗುವಿಗೆ ಮೇಲೆ ಹತ್ತು, ಕೆಳಗೆ ಹತ್ತು. ಮೇಲಿನ ಹತ್ತನ್ನು ಒಂದು, ಎರಡು, ಮೂರು ಅಂತ ಕನ್ನಡದಲ್ಲಿ ಎಣಿಸಿ, ಕೆಳಗಿನ ಹತ್ತನ್ನು ಒಕಟಿ, ರೆಂಡು, ಮೂಡು ಅಂತ ತೆಲುಗಿನಲ್ಲಿ. ಎರಡು ಭಾಷೆಯ ಊರಲ್ಲಿ ಹುಟ್ಟಿದ್ದಕ್ಕೆ ಇಷ್ಟಾದರೂ ಲಾಭ ಬೇಡವೇ? ಹತ್ತು ಮುಗಿದರೆ ಅರ್ಧ ಕೆಲಸ ಮುಗಿಯಿತು ಅಂತ ಮಗುವಿಗೂ ಗೊತ್ತಾಗುತ್ತದೆ. ಕೊನೆ ಕಾಣುವ ಕೆಲಸಕ್ಕೆ ಚಿಕ್ಕವರೂ ತಡೆದುಕೊಳ್ಳುತ್ತಾರೆ. "ಸೂಜಿ ಹಾಕಿಸ್ತೀನಿ" ಅಂತ ಹೆದರಿಸಬೇಡಿ, ಮುಂದೆ ನಿಜವಾಗಿ ದವಾಖಾನೆಗೆ ಹೋಗಬೇಕಾದಾಗ ಆ ಹೆದರಿಕೆ ಕಾಡುತ್ತದೆ.

ಪೇಸ್ಟ್ ಎಷ್ಟು? ನಮ್ಮ ಅನಂತಪುರ ಜಿಲ್ಲೆಯವರು ಇದನ್ನು ಗಮನವಿಟ್ಟು ಓದಬೇಕು. ಪೇಸ್ಟಿನಲ್ಲಿರುವ ಫ್ಲೋರೈಡ್ ಎನಾಮಲ್ಲನ್ನು ಆಮ್ಲಕ್ಕೆ ಜಗ್ಗದಂತೆ ಮಾಡುತ್ತದೆ. ಅದೇ ಫ್ಲೋರೈಡ್ ಹೊಟ್ಟೆಗೆ ಹೆಚ್ಚು ಹೋದರೆ, ವಸಡಿನೊಳಗೆ ಇನ್ನೂ ತಯಾರಾಗುತ್ತಿರುವ ಶಾಶ್ವತ ಹಲ್ಲುಗಳ ಮೇಲೆ ಬಿಳಿ, ಕಂದು ಕಲೆ ಬೀಳುತ್ತದೆ. ನಮ್ಮ ಕಡೆಯ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಕಲ್ಲಿನಿಂದ ಕರಗಿ ಬಂದ ಫ್ಲೋರೈಡ್ ಮೊದಲೇ ಇದೆ. ಮೂರು ವರ್ಷದೊಳಗಿನ ಮಗುವಿಗೆ ಉಗುಳಲು ಸರಿಯಾಗಿ ಬರೋದಿಲ್ಲ, ನುಂಗಿಬಿಡುತ್ತದೆ.

ಲೆಕ್ಕ ಹಾಕೋಣ. 1000 ಪಿಪಿಎಂ ಪೇಸ್ಟ್ ಅಂದರೆ 1 ಗ್ರಾಂ ಪೇಸ್ಟಿನಲ್ಲಿ 1 ಮಿಲಿಗ್ರಾಂ ಫ್ಲೋರೈಡ್. ಒಂದು ಅಕ್ಕಿಕಾಳಿನಷ್ಟು ಪೇಸ್ಟ್ ಸುಮಾರು 0.1 ಗ್ರಾಂ, ಅದರಲ್ಲಿ 0.1 ಮಿಲಿಗ್ರಾಂ. ಎರಡು ಹೊತ್ತು ಪೂರ್ತಿ ನುಂಗಿದರೂ 0.2. ಜಾಹೀರಾತಿನಲ್ಲಿ ತೋರಿಸುವ ಹಾಗೆ ಬ್ರಶ್ಶಿನ ಉದ್ದಕ್ಕೂ 1 ಗ್ರಾಂ ಹಾಕಿದರೆ ಎರಡು ಹೊತ್ತಿಗೆ 2 ಮಿಲಿಗ್ರಾಂ. ಈಗ ನೀರು: ಕುಡಿಯುವ ನೀರಿಗೆ ಭಾರತದ ಮಾನಕ ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ. ಲೀಟರಿಗೆ 3 ಮಿಲಿಗ್ರಾಂ ಇರುವ ಬೋರಿನ ನೀರನ್ನು ಮಗು ಅರ್ಧ ಲೀಟರ್ ಕುಡಿದರೆ 1.5 ಮಿಲಿಗ್ರಾಂ ಆಯಿತು. ಅಂದರೆ ಅಕ್ಕಿಕಾಳಿನಷ್ಟು ಪೇಸ್ಟಿಗೆ ಹೆದರಬೇಕಿಲ್ಲ, ಸರಿಪಡಿಸಬೇಕಾದ್ದು ನೀರನ್ನು. ಕುದಿಸಿದರೆ ಫ್ಲೋರೈಡ್ ಹೋಗೋದಿಲ್ಲ, ನೀರು ಆವಿಯಾದಷ್ಟೂ ಸಾಂದ್ರತೆ ಹೆಚ್ಚುತ್ತದೆ. ಆರ್‌ಒ ಘಟಕದ ನೀರನ್ನು ಮೊದಲು ಚಿಕ್ಕವರ ಕುಡಿಯುವ ಬಿಂದಿಗೆಗೆ ತನ್ನಿ. ಊರಿನ ನೀರಿನಲ್ಲಿ ಫ್ಲೋರೈಡ್ ತುಂಬಾ ಹೆಚ್ಚಿದೆ ಎಂದು ಗೊತ್ತಿದ್ದರೆ, ಚಿಕ್ಕವರಿಗೆ ಯಾವ ಪೇಸ್ಟ್ ಎಂದು ದಂತವೈದ್ಯರನ್ನೇ ಕೇಳುವುದು ಒಳ್ಳೆಯದು.

ಮೂರರಿಂದ ಆರು ವರ್ಷದವರಿಗೆ ಬಟಾಣಿ ಕಾಳಿನಷ್ಟು ಸಾಕು. ಪೇಸ್ಟ್ ಟ್ಯೂಬು ನಿಮ್ಮ ಕೈಯಲ್ಲಿರಲಿ, ಹಣ್ಣಿನ ರುಚಿಯದಾದರೆ ಚೀಪಿಬಿಡುತ್ತಾರೆ.

ವಾರಕ್ಕೊಮ್ಮೆ ಬೆಳಕಿನಲ್ಲಿ ತಮ್ಮನ ಮೇಲ್ತುಟಿ ಎತ್ತಿ ನೋಡಿ. ವಸಡಿನ ಅಂಚಿನಲ್ಲಿ ಸುಣ್ಣ ಬಳಿದಂತೆ ಬಿಳಿ ಗೆರೆ ಕಂಡರೆ ಅದು ಹುಳುಕಿನ ಮೊದಲ ಹೆಜ್ಜೆ. ಆ ಹಂತದಲ್ಲಿ ಇನ್ನೂ ತೂತು ಬಿದ್ದಿರೋದಿಲ್ಲ, ವೈದ್ಯರ ಹತ್ತಿರ ಹೋದರೆ ಅಲ್ಲಿಗೇ ನಿಲ್ಲಿಸಬಹುದು. ಕಂದು ಬಣ್ಣಕ್ಕೆ ತಿರುಗುವವರೆಗೆ ಕಾಯಬೇಡಿ. ಆರು ವರ್ಷದ ಸುಮಾರಿಗೆ ಕೊನೆಯ ಹಾಲುಹಲ್ಲಿನ ಹಿಂದೆ ಸದ್ದಿಲ್ಲದೆ ಒಂದು ದವಡೆ ಹಲ್ಲು ಬರುತ್ತದೆ. ಯಾವ ಹಲ್ಲೂ ಬಿದ್ದಿರದ ಕಾರಣ ಮನೆಯವರು ಅದನ್ನೂ ಹಾಲುಹಲ್ಲು ಅಂದುಕೊಳ್ಳುತ್ತಾರೆ. ಅದು ಶಾಶ್ವತ ಹಲ್ಲು, ಹೋದರೆ ಮತ್ತೆ ಬರೋದಿಲ್ಲ. ಬೂಟಿನ ಲೇಸು ತಾನೇ ಕಟ್ಟಿಕೊಳ್ಳುವಷ್ಟು ಕೈ ಪಳಗುವವರೆಗೆ, ಅಂದರೆ ಏಳೆಂಟು ವರ್ಷದ ತನಕ, ರಾತ್ರಿ ಹೊತ್ತು ಅವನು ತಿಕ್ಕಿದ ಮೇಲೆ ನೀವೊಂದು ಸುತ್ತು ತಿಕ್ಕಬೇಕಾಗುತ್ತದೆ.