ಮೂರೆಕರೆ, ಏಳು ಗಂಟೆ ಕರೆಂಟು: ತೋಟದ ನೀರಿನ ಶೆಡ್ಯೂಲಿಂಗ್

ಶೆಡ್ಯೂಲ್ ಅಂದರೆ ನಮ್ಮ ಕಡೆ ಮೊದಲು ನೆನಪಾಗುವುದು ಕ್ರಯಪತ್ರ. ಅದರ ಕೊನೆಯಲ್ಲಿ 'ಷೆಡ್ಯೂಲು ಸ್ವತ್ತು' ಎಂದು ಬರೆದು ಚೆಕ್ಕುಬಂದಿ ಹಾಕಿರುತ್ತಾರೆ. ಡ್ರಿಪ್ ಅಂಗಡಿಯವರು ಹೇಳುವ ಶೆಡ್ಯೂಲಿಂಗ್ ಬೇರೆ. ಯಾವ ವಾಲ್ವಿಗೆ ಎಷ್ಟು ಹೊತ್ತು, ಯಾವುದಾದ ಮೇಲೆ ಯಾವುದು ಎಂದು ಮೊದಲೇ ಲೆಕ್ಕ ಹಾಕಿ ಪಾಳಿ ಕಟ್ಟುವುದು.

ತರೀಕೆರೆ ಕಡೆಯ ಅಚ್ಚುಕಟ್ಟಿನವರಿಗೆ ಇದು ಹೊಸದಲ್ಲ. ಲಕ್ಕವಳ್ಳಿಯ ಭದ್ರಾ ಜಲಾಶಯದಿಂದ ನಾಲೆಗೆ ಯಾವಾಗ ನೀರು ಬಿಡಬೇಕೆಂದು ನೀರಾವರಿ ಸಲಹಾ ಸಮಿತಿ ತೀರ್ಮಾನಿಸುತ್ತದೆ. ಕಡೂರು, ಅಜ್ಜಂಪುರದ ಬೋರ್‌ವೆಲ್ ತೋಟಗಳಲ್ಲಿ ಆ ಸಮಿತಿ ನೀವೇ.

ಗಡಿಯಾರ ನೋಡುವ ಮೊದಲು ಪಂಪಿನ ನೀರು ಅಳೆಯಿರಿ. 200 ಲೀಟರ್ ಡ್ರಮ್ ಇಟ್ಟು ಪಂಪ್ ಹಾಕಿ. ಎರಡು ನಿಮಿಷಕ್ಕೆ ತುಂಬಿದರೆ ಗಂಟೆಗೆ 6,000 ಲೀಟರ್. ಮೋಟಾರು ಹಾಕಿದ ಕೂಡಲೇ ಅಳೆಯಬೇಡಿ, ಮೊದಲ ನೀರು ಜೋರಾಗಿ ಬಂದು ಮೋಸ ಮಾಡುತ್ತದೆ. ಅರ್ಧ ಗಂಟೆ ಓಡಲಿ.

ಇನ್ನು ಮರದ ಲೆಕ್ಕ. ಬೇಸಿಗೆಯಲ್ಲಿ ಫಸಲಿನ ಅಡಿಕೆಗೆ ಡ್ರಿಪ್‌ನಲ್ಲಿ ದಿನಕ್ಕೆ 16ರಿಂದ 20 ಲೀಟರ್ ಸಾಕು ಎನ್ನುತ್ತದೆ ಕಾಸರಗೋಡಿನ ಸಿಪಿಸಿಆರ್‌ಐ, ಅಂದರೆ ಕೇಂದ್ರ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ. ಒಂಬತ್ತು ಅಡಿ ಅಂತರವಿದ್ದರೆ ಎಕರೆಗೆ ಸುಮಾರು 540 ಮರ. ಮರಕ್ಕೆ ಗಂಟೆಗೆ ನಾಲ್ಕು ಲೀಟರಿನ ಎರಡು ಡ್ರಿಪ್ಪರ್ ಇದ್ದರೆ ಎಕರೆಗೆ ಗಂಟೆಗೆ 4,320 ಲೀಟರ್ ಬೇಕು. ನಮ್ಮ ಪಂಪಿಗೆ ಒಂದು ಸಲಕ್ಕೆ ಒಂದೇ ಎಕರೆ. ಎರಡು ವಾಲ್ವ್ ಒಟ್ಟಿಗೆ ತಿರುಗಿಸಿದರೆ ಒತ್ತಡ ಸಾಲದೆ ಸಾಲಿನ ತುದಿಯ ಮರಕ್ಕೆ ಹನಿಯೇ ಇಲ್ಲ.

ಮೂರೆಕರೆ ಇದೆಯೇ? ಎಕರೆಗೆ ಎರಡೂವರೆ ಗಂಟೆಯಂತೆ ಏಳೂವರೆ ಗಂಟೆ ಆಯಿತು. ಪಂಪ್‌ಸೆಟ್ಟಿಗೆ ಸರ್ಕಾರ ಹೇಳುವ ತ್ರೀ ಫೇಸ್ ಏಳೇ ಗಂಟೆ. ಹೆದರಬೇಡಿ. ಎಕರೆಗೆ ಎರಡೂಕಾಲು ಗಂಟೆ ಬಿಡಿ. ಮರಕ್ಕೆ 18 ಲೀಟರ್ ಸಿಗುತ್ತದೆ, ಆರೂಮುಕ್ಕಾಲು ಗಂಟೆಯಲ್ಲಿ ಕೆಲಸ ಮುಗಿಯುತ್ತದೆ.

'ಮಧ್ಯೆ ಕರೆಂಟು ಹೋದರೆ?' ಹೋಗುತ್ತದೆ. ಆಗ ನಾವೆಲ್ಲ ಮಾಡುವ ತಪ್ಪು ಒಂದೇ: ಮರುದಿನ ಮತ್ತೆ ಒಂದನೇ ವಾಲ್ವಿನಿಂದ ಶುರು ಮಾಡುವುದು. ಮೇಲಿನ ತುಂಡು ಕೆಸರು, ಕೆಳಗಿನ ತುಂಡಿನ ಸೋಗೆ ಹಳದಿ. ನಿಂತ ಕಡೆಯಿಂದಲೇ ಮುಂದುವರಿಸಿ. ಎಲ್ಲಿಗೆ ನಿಂತಿತೆಂದು ಪಂಪ್‌ಹೌಸಿನ ಗೋಡೆಗೆ ಸುಣ್ಣದಲ್ಲಿ ಗೀಟು ಹಾಕಿದರೂ ಆದೀತು. ಆಟೋ ಸ್ಟಾರ್ಟರ್ ಮೋಟಾರು ಹಾಕುತ್ತದೆ, ವಾಲ್ವ್ ತಿರುಗಿಸುವುದಿಲ್ಲ. ಬೋರಿನ ನೀರು ಇಳಿದಂತೆ ತಿಂಗಳಿಗೊಮ್ಮೆ ಡ್ರಮ್ ಲೆಕ್ಕ ಮತ್ತೆ ಮಾಡಿ.

ಪಾಳಿ ಕಟ್ಟಲು ಖರ್ಚಿಲ್ಲ. ಹೊಸದಾಗಿ ಡ್ರಿಪ್ ಹಾಕಿಸುವುದಾದರೆ ಕೇಂದ್ರದ 'ಪರ್ ಡ್ರಾಪ್ ಮೋರ್ ಕ್ರಾಪ್' ಯೋಜನೆಯ ಮಾರ್ಗಸೂಚಿಯಂತೆ ಘಟಕ ವೆಚ್ಚದ ಮೇಲೆ ಸಣ್ಣ, ಅತಿ ಸಣ್ಣ ರೈತರಿಗೆ 55%, ಉಳಿದವರಿಗೆ 45% ಸಹಾಯಧನವಿದೆ. ರಾಜ್ಯ ಇದರ ಮೇಲೆ ಎಷ್ಟು ಸೇರಿಸುತ್ತದೆಂದು ತಾಲ್ಲೂಕು ತೋಟಗಾರಿಕೆ ಕಚೇರಿಯಲ್ಲಿ ಕೇಳಿ. ಹೋಗುವಾಗ ಪಹಣಿ, ಆಧಾರ್, ಪಾಸ್‌ಬುಕ್ ಜೊತೆಗೆ ಎಫ್‌ಐಡಿ, ಅಂದರೆ ಫ್ರೂಟ್ಸ್ ತಂತ್ರಾಂಶದ ರೈತರ ಗುರುತಿನ ಸಂಖ್ಯೆ, ಇರಲಿ. ಪೈಪು ಕೊಂಡ ಮೇಲೆ ಅರ್ಜಿ ಹಾಕಲು ಹೋಗಬೇಡಿ, ಮೊದಲು ಅರ್ಜಿ.